ಟೋಕಿಯೋದಲ್ಲಿ ಫ್ಲೂ ಲಸಿಕೆ: ಚಳಿ ಶುರುವಾಗುವ ಮುಂಚೆ ನಾವು ಮಾಡಿಕೊಳ್ಳುವ ತಯಾರಿ

ಸೆಪ್ಟೆಂಬರ್ ಮುಗಿಯುತ್ತಾ ಬಂದ ಹಾಗೆ ಇಲ್ಲಿನ ಕ್ಲಿನಿಕ್‌ಗಳ ಬಾಗಿಲ ಮೇಲೆ ಒಂದು ಕಾಗದ ಅಂಟಿಸುತ್ತಾರೆ. ಇನ್‌ಫ್ಲುಎಂಜಾ ಲಸಿಕೆ ಯಾವ ತಾರೀಖಿನಿಂದ, ದೊಡ್ಡವರಿಗೆ ಎಷ್ಟು, ಮಕ್ಕಳಿಗೆ ಎಷ್ಟು, ಬುಕಿಂಗ್ ಬೇಕೋ ಬೇಡವೋ ಅಂತ ಅದರಲ್ಲಿ ಇರುತ್ತದೆ. ಆ ಕಾಗದ ಕಂಡ ವಾರವೇ ನಾನು ಫೋನ್ ಮಾಡಿಬಿಡುತ್ತೇನೆ. ನಾವಿರುವುದು ಎದೊಗಾವಾ ವಾರ್ಡಿನ ನಿಶಿಕಸಾಯ್‌ನಲ್ಲಿ. ಭಾರತದವರು ಜಾಸ್ತಿ ಇರುವ ಜಾಗ. ಹೊಸದಾಗಿ ಬಂದ ಕನ್ನಡದ ಮನೆಯವರು ಪ್ರತಿ ವರ್ಷ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅದಕ್ಕೇ ನಾವು ಹೇಗೆ ಮಾಡುತ್ತೇವೆ ಅಂತ ಬರೆದಿಡುತ್ತಿದ್ದೇನೆ.

ಮೊದಲಿಗೆ, ಇದನ್ನು ಯಾಕೆ ತಲೆಗೆ ಹಚ್ಚಿಕೊಳ್ಳಬೇಕು ಅಂತ ಹೇಳುತ್ತೇನೆ. ನಮ್ಮೂರಲ್ಲಿ ಜ್ವರ, ಮೈಕೈ ನೋವಿನ ಕಾಲ ಅಂದರೆ ಮಳೆಗಾಲ. ಇಲ್ಲಿ ಅದು ಚಳಿಗಾಲ. ಒಣ ಗಾಳಿ, ಕಿಟಕಿ ಮುಚ್ಚಿದ ಕೋಣೆಗಳು, ಬೆಳಗಿನ ತೋಜಾಯ್ ಲೈನ್ ರೈಲಿನಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ನಿಲ್ಲುವ ಜನ. ಜಪಾನಿನಲ್ಲಿ ಆಯ್ದ ಆಸ್ಪತ್ರೆ, ಕ್ಲಿನಿಕ್‌ಗಳು ವಾರ ವಾರ ಫ್ಲೂ ರೋಗಿಗಳ ಲೆಕ್ಕ ಕೊಡುತ್ತವೆ. 2024ರ ಡಿಸೆಂಬರ್ ಕೊನೆಯ ವಾರ ಆ ಲೆಕ್ಕ ಒಂದೊಂದು ಕಡೆಗೆ ಸರಾಸರಿ 64 ದಾಟಿತ್ತು. ಈ ರೀತಿ ಎಣಿಸಲು ಶುರು ಮಾಡಿದ 1999ರಿಂದ ಈಚೆಗೆ ಅಷ್ಟು ಆಗಿದ್ದು ಅದೇ ಮೊದಲು. ಮರುವರ್ಷ, 2025ರಲ್ಲಿ, ಅಕ್ಟೋಬರ್ ಮೊದಲ ವಾರಕ್ಕೇ ಫ್ಲೂ ಸೀಸನ್ ಶುರುವಾಯಿತು ಅಂತ ಸರ್ಕಾರ ಹೇಳಿತು. ಹಾಗಾಗಿ ಡಿಸೆಂಬರ್‌ನಲ್ಲಿ ನೋಡಿದರಾಯಿತು ಅನ್ನುವ ಹಾಗಿಲ್ಲ.

ಶಾಲೆಗೆ ಹೋಗುವ ಮಕ್ಕಳಿದ್ದರೆ ಇನ್ನೊಂದು ಮಾತಿದೆ. ಫ್ಲೂ ಅಂತ ಗೊತ್ತಾದರೆ, ಜ್ವರ ಶುರುವಾಗಿ ಐದು ದಿನ ಕಳೆಯಬೇಕು, ಜ್ವರ ಬಿಟ್ಟು ಎರಡು ದಿನವೂ ಆಗಿರಬೇಕು. ಅಲ್ಲಿಯವರೆಗೆ ಮಗುವನ್ನು ಶಾಲೆಗೆ ಸೇರಿಸಿಕೊಳ್ಳುವುದಿಲ್ಲ. ಇನ್ನೂ ಶಾಲೆಗೆ ಸೇರದ ಚಿಕ್ಕ ಮಕ್ಕಳಿಗೆ ಜ್ವರ ಬಿಟ್ಟು ಮೂರು ದಿನ. ಒಂದೇ ತರಗತಿಯಲ್ಲಿ ತುಂಬಾ ಮಕ್ಕಳು ಮಲಗಿದರೆ ಆ ತರಗತಿಯನ್ನೇ ಕೆಲವು ದಿನ ಮುಚ್ಚುತ್ತಾರೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಊರಲ್ಲಾದರೆ ಅಜ್ಜಿಯೋ, ಚಿಕ್ಕಮ್ಮನೋ, ಪಕ್ಕದ ಮನೆಯವರೋ ಬಂದು ಕೂರುತ್ತಾರೆ. ಇಲ್ಲಿ ಒಬ್ಬರು ಮಲಗಿದರೆ ಗಂಜಿ ಕಾಯಿಸಿ ಕೊಡಲು ಇರುವುದು ಇನ್ನೊಬ್ಬರು ಮಾತ್ರ. ಅವರೂ ಮಲಗಿದರೆ ಯಾರೂ ಇಲ್ಲ. ಪರದೇಶದಲ್ಲಿರುವವರು ಈ ಲಸಿಕೆಯನ್ನು ಊರಲ್ಲಿದ್ದಾಗಿಗಿಂತ ಜಾಸ್ತಿ ಗಂಭೀರವಾಗಿ ತೆಗೆದುಕೊಳ್ಳಬೇಕು ಅಂತ ನನಗನಿಸುವುದು ಇದಕ್ಕೇ.

ಇನ್ನು ದುಡ್ಡಿನ ವಿಷಯ. ಇಲ್ಲಿನ ಆರೋಗ್ಯ ವಿಮೆಯಲ್ಲಿ ಚಿಕಿತ್ಸೆಗೆ ನಾವು ಕೊಡುವುದು ಸಾಮಾನ್ಯವಾಗಿ ಶೇಕಡ 30. ಫ್ಲೂ ಲಸಿಕೆಗೆ ಆ ವಿಮೆ ಬರುವುದಿಲ್ಲ, ಸಾಮಾನ್ಯವಾಗಿ ಖರ್ಚು ನಮ್ಮ ಕೈಯಿಂದಲೇ. ಬೆಲೆಯನ್ನು ಒಂದೊಂದು ಕ್ಲಿನಿಕ್ ತಾನೇ ಇಡುತ್ತದೆ. ದೊಡ್ಡವರಿಗೆ ಸುಮಾರು 3,000ದಿಂದ 5,000 ಯೆನ್. ಒಂದೇ ರಸ್ತೆಯಲ್ಲಿ ಎರಡು ಕ್ಲಿನಿಕ್ ನಡುವೆ ಸಾವಿರ ಯೆನ್ ವ್ಯತ್ಯಾಸ ಇರುವುದೂ ಉಂಟು. ಬೆಲೆ ಜಾಸ್ತಿ ಇಟ್ಟ ಕಡೆ ಲಸಿಕೆ ಉತ್ತಮ ಅಂತೇನೂ ಇಲ್ಲ. ಆದರೂ ನಾನು ಬೆಲೆ ನೋಡಿ ಕ್ಲಿನಿಕ್ ಆರಿಸುವುದಿಲ್ಲ, ಮಗಳನ್ನು ಯಾವಾಗಲೂ ನೋಡುವ ಡಾಕ್ಟರ ಹತ್ತಿರವೇ ಹೋಗುತ್ತೇನೆ. ಅವಳಿಗೆ ಏನು ಒಗ್ಗುವುದಿಲ್ಲ ಅಂತ ಅವರಿಗೆ ಗೊತ್ತಿರುತ್ತದೆ. ಎಷ್ಟೋ ಕಂಪನಿಗಳ ವಿಮಾ ಸಂಘಗಳು ಲಸಿಕೆಯ ಖರ್ಚಿನಲ್ಲಿ ಸ್ವಲ್ಪ ವಾಪಸ್ ಕೊಡುತ್ತವೆ. ನಿಮ್ಮ ಆಫೀಸಿನಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. 65 ತುಂಬಿದವರಿಗೆ ವಾರ್ಡ್ ಆಫೀಸಿನ ಸಹಾಯ ಇದೆ, ಅದು ಇಲ್ಲಿ ವಿಳಾಸ ನೋಂದಾಯಿಸಿದ ನಿವಾಸಿಗಳಿಗೆ.

ಬುಕಿಂಗ್ ಆನ್‌ಲೈನ್ ಇದ್ದರೆ ಸುಲಭ. ಫೋನ್ ಮಾತ್ರ ಅಂದರೆ ಹೆದರಬೇಡಿ. 'ಇನ್‌ಫುರುಎಂಜಾ ನೋ ಯೋಬೋ ಸೆಶ್ಶು, ಯೋಯಾಕು ಓನೆಗೈಶಿಮಾಸು' (ಫ್ಲೂ ಲಸಿಕೆಗೆ ಬುಕಿಂಗ್ ಮಾಡಿಕೊಡಿ) ಅಂದರೆ ಸಾಕು, ಆ ಕಡೆಯವರು ನಿಧಾನವಾಗಿ ತಾರೀಖು, ವಯಸ್ಸು ಕೇಳುತ್ತಾರೆ. ನಾನು ಫೋನ್ ಮಾಡುವಾಗ ಎಲ್ಲರ ಹುಟ್ಟಿದ ದಿನಾಂಕ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿರುತ್ತೇನೆ.

ಇಡೀ ಕೆಲಸದಲ್ಲಿ ಹೊತ್ತು ಹಿಡಿಯುವುದು ಯೋಶಿನ್‌ಹ್ಯೋ ಅನ್ನುವ ಫಾರಂ. ಲಸಿಕೆಗೆ ಮುಂಚೆ ತುಂಬಿ ಕೊಡಬೇಕಾದ ಒಂದು ಹಾಳೆ. ಎಡಗಡೆ ಪ್ರಶ್ನೆ, ಮಧ್ಯೆ ಹೌದು ಅಥವಾ ಇಲ್ಲ ಅಂತ ಸುತ್ತು ಹಾಕುವ ಜಾಗ, ಬಲಗಡೆ ಡಾಕ್ಟರು ಬರೆಯುವ ಕಾಲಂ. ಮೇಲ್ಗಡೆ ಇವತ್ತಿನ ಮೈಬಿಸಿ ಎಷ್ಟು ಅಂತ ಇರುತ್ತದೆ. 37.5 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅವತ್ತು ಚುಚ್ಚುವುದಿಲ್ಲ. ಈ ಸೀಸನ್‌ನಲ್ಲಿ ಇದು ಮೊದಲನೆಯದಾ, ಎರಡನೆಯದಾ? ಇವತ್ತು ಮೈ ಹುಷಾರಿಲ್ಲದೆ ಇದೆಯಾ? ಯಾವುದಾದರೂ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದೀರಾ? ಮೊಟ್ಟೆ, ಕೋಳಿ ಮಾಂಸದ ಅಲರ್ಜಿ ಇದೆಯಾ? ಹಿಂದೆ ಲಸಿಕೆ ತಗೊಂಡಾಗ ತೊಂದರೆ ಆಗಿತ್ತಾ? ಫಿಟ್ಸ್, ಉಬ್ಬಸ ಇದೆಯಾ? ಬಸುರಿಯಾ? ಕೊನೆಯಲ್ಲಿ ಡಾಕ್ಟರು ಸಹಿ ಮಾಡಿದ ಮೇಲೆ, ವಿವರ ಕೇಳಿದ್ದೇನೆ, ಲಸಿಕೆಗೆ ಒಪ್ಪಿದ್ದೇನೆ ಅಂತ ನಮ್ಮ ಸಹಿ.

ಈ ಫಾರಂ ಅನ್ನು ನಾನು ಹಿಂದಿನ ದಿನವೇ ಕ್ಲಿನಿಕ್‌ನಿಂದ ತಂದು, ಇಲ್ಲವೇ ಅವರ ಸೈಟಿನಿಂದ ಪ್ರಿಂಟ್ ತೆಗೆದು, ಮನೆಯಲ್ಲೇ ತುಂಬುತ್ತೇನೆ. ಮೈಬಿಸಿ ಮಾತ್ರ ಹೋಗುವ ಹೊತ್ತಿಗೆ. ಇಂಗ್ಲಿಷ್ ಅನುವಾದದ ಹಾಳೆ ಸಿಗುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಜಪಾನಿ ಹಾಳೆಯಲ್ಲಿ ಸುತ್ತು ಹಾಕುತ್ತಾ ಹೋದರೆ ಆಯಿತು. ಕಾಯುವ ಕೋಣೆಯಲ್ಲಿ, ಮಡಿಲಲ್ಲಿ ಮಗು ಕೂರಿಸಿಕೊಂಡು, ಮೊಬೈಲ್ ಕ್ಯಾಮೆರಾದಲ್ಲಿ ಅನುವಾದ ಮಾಡಿಸುತ್ತಾ ತುಂಬುವವರನ್ನು ನೋಡಿದ್ದೇನೆ. ಆ ಗಡಿಬಿಡಿಯಲ್ಲಿ ಎಲ್ಲದಕ್ಕೂ 'ಇಲ್ಲ' ಅಂತ ಸುತ್ತು ಬಿದ್ದುಬಿಡುತ್ತದೆ. ಉಬ್ಬಸ, ಅಲರ್ಜಿ, ದಿನಾ ನುಂಗುವ ಬಿಪಿ ಮಾತ್ರೆ, ಇವೆಲ್ಲ ಡಾಕ್ಟರಿಗೆ ಗೊತ್ತಾಗಲೇಬೇಕಾದ ಸಂಗತಿ ಅಲ್ವಾ? ದಯವಿಟ್ಟು ಈ ಒಂದು ಕೆಲಸ ಮನೆಯಲ್ಲೇ ನಿಧಾನವಾಗಿ ಮಾಡಿ.

ಒಳಗೆ ಹೋದ ಮೇಲೆ ಬೇಗ ಮುಗಿಯುತ್ತದೆ. ಡಾಕ್ಟರು ಹಾಳೆ ಓದಿ, ಗಂಟಲು ನೋಡಿ, ಎದೆಗೆ ಸ್ಟೆತಸ್ಕೋಪ್ ಇಡುತ್ತಾರೆ. ಸ್ವೆಟರ್ ಒಳಗೆ ಅರ್ಧ ತೋಳಿನ ಬಟ್ಟೆ ಹಾಕಿಕೊಂಡು ಹೋಗಿ. ಊರಲ್ಲಿ ಈ ಇಂಜೆಕ್ಷನ್ ಅನ್ನು ದೊಡ್ಡವರಿಗೆ ತೋಳಿನ ಮಾಂಸಕ್ಕೆ ನೇರವಾಗಿ ಚುಚ್ಚುತ್ತಾರೆ. ಇಲ್ಲಿ ತೋಳಿನ ಹಿಂಬದಿಯ ಚರ್ಮವನ್ನು ಬೆರಳಲ್ಲಿ ಎತ್ತಿ ಹಿಡಿದು, ಸೂಜಿಯನ್ನು ಓರೆಯಾಗಿ ಚರ್ಮದ ಕೆಳಗೆ ಇಳಿಸುತ್ತಾರೆ. ಹಾಗಾಗಿ ಮರುದಿನ ಆ ಜಾಗ ಕೆಂಪಾಗಿ, ಸ್ವಲ್ಪ ಊದಿ, ತುರಿಸಬಹುದು. ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ ಇಳಿಯುತ್ತದೆ. ಇದನ್ನು ಮೊದಲ ಸಲ ಕಂಡ ಗೆಳತಿಯರು ಫೋಟೋ ಕಳಿಸಿ 'ಇದೇನೇ ಹೀಗಾಗಿದೆ' ಅಂತ ಕೇಳುತ್ತಾರೆ. ಅವತ್ತು ಸ್ನಾನ ಮಾಡಬಹುದು, ಆ ಜಾಗ ಉಜ್ಜಬಾರದು. ಓಟ, ಜಿಮ್ ಬೇಡ. ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಕ್ಲಿನಿಕ್‌ನಲ್ಲೋ ಹತ್ತಿರದಲ್ಲೋ ಇರಬೇಕು. ಜೋರು ಅಲರ್ಜಿ ಆಗುವುದಾದರೆ ಹೆಚ್ಚಾಗಿ ಆ ಹೊತ್ತಿನಲ್ಲೇ ಆಗುತ್ತದೆ. ಅದು ತೀರಾ ಅಪರೂಪ, ಆದರೂ ನಾವು ಕೂತೇ ಬರುತ್ತೇವೆ.

ಮಕ್ಕಳ ಲೆಕ್ಕ ಬೇರೆ. 13 ತುಂಬದವರಿಗೆ ಇಲ್ಲಿ ಎರಡು ಸಲ ಚುಚ್ಚುತ್ತಾರೆ, ನಡುವೆ ಎರಡರಿಂದ ನಾಲ್ಕು ವಾರ ಬಿಟ್ಟು. ಮೊದಲನೆಯದು ಅಕ್ಟೋಬರ್ ಶುರುವಿನಲ್ಲಾದರೆ ನವೆಂಬರ್ ಮೊದಲಿಗೆ ಎರಡೂ ಮುಗಿಯುತ್ತವೆ. ಎರಡನೆಯದರ ಬುಕಿಂಗ್ ಅನ್ನು ಮೊದಲನೆಯ ದಿನವೇ ಮಾಡಿಕೊಂಡು ಬನ್ನಿ. ಬೋಶಿ ತೆಚೋ, ಅಂದರೆ ತಾಯಿ ಮಗುವಿನ ದಾಖಲೆ ಪುಸ್ತಕ, ಮರೆಯದೆ ಒಯ್ಯಿರಿ.

2024ರ ಚಳಿಗಾಲದಿಂದ ಮೂಗಿಗೆ ಸಿಂಪಡಿಸುವ ಲಸಿಕೆಯೂ ಇಲ್ಲಿ ಸಿಗುತ್ತಿದೆ, ಎರಡರಿಂದ 18 ವರ್ಷದವರಿಗೆ. ಒಂದೇ ಸಲ, ಎರಡೂ ಹೊಳ್ಳೆಗೆ ಒಂದೊಂದು ಸಿಂಪಡಿಕೆ. ಬೆಲೆ ಚುಚ್ಚುಮದ್ದಿಗಿಂತ ಸಾಕಷ್ಟು ಜಾಸ್ತಿ. ನಮ್ಮ ಪುಟ್ಟಿಗೆ ಸೂಜಿ ಅಂದರೆ ವಿಪರೀತ ಭಯ, ಅದಕ್ಕೆ ಇದನ್ನೇ ಹಾಕಿಸಿದೆವು. ಡಾಕ್ಟರು 'ಜೋರಾಗಿ ಎಳೆಯೋದು ಬೇಡ, ಸುಮ್ನೆ ಉಸಿರಾಡು' ಅಂದರು. ಮುಗಿದ ಮೇಲೆ ಅವಳು ನನ್ನ ಕಡೆ ತಿರುಗಿ 'ಅಮ್ಮಾ, ಆಯ್ತಾ?' ಅಂತ ಕೇಳಿದಳು. ಇದರಲ್ಲಿರುವುದು ಶಕ್ತಿ ಕುಗ್ಗಿಸಿದ ಜೀವಂತ ವೈರಸ್. ಬಸುರಿಯರಿಗೆ, ರೋಗ ನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಇದು ಬೇಡ. ಉಬ್ಬಸ ಇರುವ ಮಕ್ಕಳಿಗಾದರೆ ಡಾಕ್ಟರನ್ನು ಕೇಳದೆ ಮುಂದುವರಿಯಬೇಡಿ.

ನಮ್ಮ ಕಡೆಯವರು ಸಂಕೋಚದಿಂದ ಕೇಳುವ ಪ್ರಶ್ನೆ ಒಂದಿದೆ. ಅಮ್ಮನೂ ಫೋನಿನಲ್ಲಿ ಕೇಳಿದ್ದರು: 'ಅದರಲ್ಲಿ ಮೊಟ್ಟೆ ಇರುತ್ತಂತಲ್ಲೇ?' ಇರುವುದನ್ನು ಇದ್ದ ಹಾಗೇ ಹೇಳಿದೆ. ಜಪಾನಿನಲ್ಲಿ ಚುಚ್ಚುವ ಫ್ಲೂ ಲಸಿಕೆಯ ವೈರಸ್ಸನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ. ಆಮೇಲೆ ಶುದ್ಧ ಮಾಡುತ್ತಾರೆ, ಆದರೂ ಮೊಟ್ಟೆಯ ಪ್ರೋಟೀನಿನ ಅಂಶ ಒಂದಿಷ್ಟು ಉಳಿಯುತ್ತದೆ. ಮೂಗಿನ ಲಸಿಕೆಯೂ ಮೊಟ್ಟೆಯಲ್ಲೇ ಬೆಳೆದದ್ದು, ಅದರಲ್ಲಿ ಹಂದಿಯಿಂದ ತೆಗೆದ ಜೆಲಾಟಿನ್ ಕೂಡ ಇದೆ. ತೆಗೆದುಕೊಳ್ಳುವುದು ಬಿಡುವುದು ಅವರವರ ಮನಸ್ಸಿಗೆ ಬಿಟ್ಟದ್ದು. ನಮ್ಮದು ಮೊಟ್ಟೆ ತಿನ್ನದ ಮನೆ. ಔಷಧಿಯನ್ನು ಊಟದ ಲೆಕ್ಕಕ್ಕೆ ಸೇರಿಸಬಾರದು ಅಂತ ನಾವು ತೀರ್ಮಾನ ಮಾಡಿಕೊಂಡಿದ್ದೇವೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ 'ಸರಿ ಬಿಡು, ಮಗೂಗೆ ಒಳ್ಳೇದಾದ್ರೆ ಸಾಕು' ಅಂದರು.

ಅಪ್ಪ ಅಮ್ಮ ಚಳಿಗಾಲದಲ್ಲಿ ಬರುವುದಿದ್ದರೆ, ವಿಮಾನ ಹತ್ತುವ ಎರಡು ವಾರ ಮುಂಚೆಯಾದರೂ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹಾಕಿಸಿಕೊಂಡು ಬರಲು ಹೇಳಿ. ಲಸಿಕೆ ಕೆಲಸ ಶುರು ಮಾಡಲು ಅಷ್ಟು ದಿನ ಬೇಕು. ಯಾವ ತಳಿಯ ವೈರಸ್ ಸೇರಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಹೇಳುತ್ತದೆ, ಫೆಬ್ರವರಿಯಲ್ಲಿ ಉತ್ತರಾರ್ಧ ಗೋಳಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣಾರ್ಧಕ್ಕೆ. ಜಪಾನಿಗೆ ಹೋಗುತ್ತಿದ್ದೇವೆ ಅಂತ ಅಲ್ಲಿನ ಡಾಕ್ಟರಿಗೆ ಹೇಳಿದರೆ ಹೊಸ ಸೀಸನ್‌ನ ಲಸಿಕೆ ನೋಡಿ ಕೊಡುತ್ತಾರೆ.

ಮಕ್ಕಳಿಗೆ ಹಾಕಿಸುವುದು ಮನೆಯ ಹಿರಿಯರಿಗೂ ಕಾವಲು. ನನ್ನ ಆಫೀಸಿನಲ್ಲಿ ಐವತ್ತು ದಾಟಿದ ಸಹೋದ್ಯೋಗಿಯೊಬ್ಬರಿದ್ದಾರೆ. ಚಿಕ್ಕವರಿದ್ದಾಗ ಶಾಲೆಯಲ್ಲೇ ಅಂಗಿಯ ತೋಳು ಮಡಚಿಕೊಂಡು ಸಾಲಾಗಿ ನಿಂತು ಫ್ಲೂ ಇಂಜೆಕ್ಷನ್ ತಗೊಂಡಿದ್ದನ್ನು ಅವರು ಈಗಲೂ ನೆನೆಯುತ್ತಾರೆ. ಜಪಾನ್ 1962ರಿಂದ ಶಾಲಾ ಮಕ್ಕಳಿಗೆ ಹೀಗೆ ಹಾಕುತ್ತಿತ್ತು, 1994ರಲ್ಲಿ ನಿಲ್ಲಿಸಿತು. ಮಕ್ಕಳಿಗೆ ಹಾಕುತ್ತಿದ್ದ ವರ್ಷಗಳಲ್ಲಿ ಚಳಿಗಾಲದ ಸಾವುಗಳು ಕಡಿಮೆ ಇದ್ದವು, ನಿಂತ ಮೇಲೆ ಏರಿದವು, ಉಳಿಯುತ್ತಿದ್ದ ಜೀವಗಳು ಹೆಚ್ಚಾಗಿ ವಯಸ್ಸಾದವರವು ಅಂತ 2001ರಲ್ಲಿ ವೈದ್ಯಕೀಯ ಪತ್ರಿಕೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನವೊಂದು ಹೇಳಿತು. ಅಮ್ಮ ಬರುವ ವರ್ಷ ಪುಟ್ಟಿಯ ಲಸಿಕೆಯನ್ನು ನಾನು ಇನ್ನೂ ಬೇಗ ಮುಗಿಸುವುದು ಅದಕ್ಕೇ.

ಲಸಿಕೆ ಹಾಕಿಸಿಕೊಂಡರೆ ಫ್ಲೂ ಬರುವುದೇ ಇಲ್ಲ ಅಂತ ಯಾರೂ ಮಾತು ಕೊಡುವುದಿಲ್ಲ. ಬಂದರೂ ಆಸ್ಪತ್ರೆ ಸೇರುವಷ್ಟು ಜೋರಾಗದಿರಲಿ ಅನ್ನುವುದು ಮುಖ್ಯ. ಅದರ ಬಲ ಸುಮಾರು ಐದು ತಿಂಗಳು, ಅಂದರೆ ಅಕ್ಟೋಬರ್‌ನಲ್ಲಿ ಹಾಕಿಸಿದ್ದು ಮಾರ್ಚ್‌ವರೆಗೆ. ವೈರಸ್ ಕೂಡ ರೂಪ ಬದಲಿಸುತ್ತಾ ಇರುತ್ತದೆ. ಹೋದ ವರ್ಷದ್ದು ಈ ವರ್ಷಕ್ಕೆ ಸಾಲದು.

ಹೊರಡುವ ಮುಂಚೆ ಕೌಂಟರ್‌ನಲ್ಲಿ ಒಬ್ಬೊಬ್ಬರ ಹೆಸರಿಗೂ ಬೇರೆ ಬೇರೆ ರಸೀದಿ ಕೇಳಿ, ಇಲ್ಲಿ ಅದಕ್ಕೆ ರ್ಯೋಶೂಶೋ ಅನ್ನುತ್ತಾರೆ. ಹೆಸರು, ತಾರೀಖು, ಇನ್‌ಫ್ಲುಎಂಜಾ ಲಸಿಕೆ ಅನ್ನುವುದು ಅದರಲ್ಲಿ ಸ್ಪಷ್ಟವಾಗಿ ಇರಲಿ. ವಿಮಾ ಸಂಘಗಳು ಸಾಮಾನ್ಯವಾಗಿ ಇವನ್ನೆಲ್ಲ ನೋಡಿಯೇ ದುಡ್ಡು ವಾಪಸ್ ಕೊಡುತ್ತವೆ. ಅರ್ಜಿಯ ಕೊನೆಯ ದಿನ ಕಂಪನಿಯಿಂದ ಕಂಪನಿಗೆ ಬೇರೆ. ನಾನಂತೂ ಮನೆಗೆ ಬಂದ ದಿನವೇ ಫೋಟೋ ತೆಗೆದು ಕಳಿಸಿಬಿಡುತ್ತೇನೆ.