ಮಗುವಿನ ನಿರ್ಲಕ್ಷ್ಯ ಯಾವಾಗ ಪೊಲೀಸ್ ಕೇಸಾಗುತ್ತದೆ: ಇಂಗ್ಲೆಂಡಿಗೆ ಹೊರಟ ಕೊಡಗಿನವರಿಗೆ

ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ಕಡೆಯಿಂದ ನರ್ಸ್ ಕೆಲಸಕ್ಕೆ ಇಂಗ್ಲೆಂಡಿಗೆ ಹೊರಡುವವರು ವೀಸಾ, ಬಾಡಿಗೆ ಮನೆ, ಸ್ಕೂಲು ಎಲ್ಲವನ್ನೂ ವಿಚಾರಿಸುತ್ತಾರೆ. ಇದನ್ನೊಂದು ಕೇಳುವುದಿಲ್ಲ. ಊರಲ್ಲಿ ಕಾಫಿ ಕುಯ್ಲಿನ ಹೊತ್ತಿಗೆ ಅಪ್ಪ ಅಮ್ಮ ತೋಟಕ್ಕೆ ಹೋದರೆ ಮಗು ಕಣದ ಬದಿಯಲ್ಲಿ ಆಡಿಕೊಂಡಿರುತ್ತದೆ, ಹಣ್ಣು ಹರವುವ ಅಜ್ಜಿಯ ಕಣ್ಣು ಅದರ ಮೇಲಿರುತ್ತದೆ. ಅಲ್ಲಿ ಫ್ಲ್ಯಾಟಿನ ಬಾಗಿಲು ಹಾಕಿಕೊಂಡರೆ ನೋಡುವವರೇ ಇಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂದಿಗೂ ಅನ್ವಯವಾಗುವುದು 1933ರ ಮಕ್ಕಳ ಕಾಯ್ದೆ. 16ರೊಳಗಿನ ಮಗುವಿನ ಹೊಣೆ ಹೊತ್ತವರು, ಅಪಾಯ ಗೊತ್ತಿದ್ದೂ ಅಥವಾ ಏನಾದರೂ ಆಗಲಿ ಎಂದು ಅದನ್ನು ಕಡೆಗಣಿಸಿದರೆ ಅಪರಾಧ. ಹಾನಿ ಆಗಿಯೇ ತೀರಬೇಕೆಂದಿಲ್ಲ, ಆಗುವ ಸಂಭವವಿದ್ದರೂ ಸಾಕು. ಗರಿಷ್ಠ ಶಿಕ್ಷೆ 10 ವರ್ಷವಿದ್ದದ್ದು 2022ರಲ್ಲಿ 14ಕ್ಕೆ ಏರಿತು.

ಎಷ್ಟು ವಯಸ್ಸಿನವರನ್ನು ಒಂಟಿಯಾಗಿ ಬಿಡಬಹುದು ಎಂದು ಕಾನೂನು ಹೇಳುವುದಿಲ್ಲ. ಮಕ್ಕಳ ರಕ್ಷಣೆಯ ದತ್ತಿ ಸಂಸ್ಥೆ ಎನ್‌ಎಸ್‌ಪಿಸಿಸಿ, 12ರೊಳಗಿನವರನ್ನು ಹೆಚ್ಚು ಹೊತ್ತು ಬಿಡಬೇಡಿ ಎನ್ನುತ್ತದೆ. ಹೆಂಡತಿಯ ನೈಟ್ ಶಿಫ್ಟ್ ಮುಗಿಯುವ ಮೊದಲೇ ಗಂಡ ಡ್ಯೂಟಿಗೆ ಹೊರಡುತ್ತಾನೆ. ಐದು ವರ್ಷದ ಮಗು ಮಲಗಿದೆ, ದಿಂಬಿನ ಪಕ್ಕ ಫೋನಿದೆ. ದಯವಿಟ್ಟು ಹೀಗೆ ಮಾಡಬೇಡಿ. ಶಿಫ್ಟ್ ಬದಲಿಸಿಕೊಳ್ಳಿ, ಚೈಲ್ಡ್‌ಮೈಂಡರ್ (ದುಡ್ಡಿಗೆ ತಮ್ಮ ಮನೆಯಲ್ಲಿ ಮಗು ನೋಡಿಕೊಳ್ಳುವವರು) ನೋಡಿ.

ನನ್ನನ್ನು ಹೆಚ್ಚು ಕಾಡುವುದು ಚಿಕಿತ್ಸೆಯ ವಿಷಯ. ಊಟ, ಬಟ್ಟೆ, ಸೂರಿನಂತೆ ವೈದ್ಯಕೀಯ ನೆರವನ್ನು ಕೊಡಿಸದಿರುವುದನ್ನೂ ಆ ಕಾಯ್ದೆ ನಿರ್ಲಕ್ಷ್ಯವೆಂದೇ ಎಣಿಸುತ್ತದೆ. ಕೈಲಾಗದಿದ್ದರೆ ನೆರವು ಕೇಳಬೇಕಿತ್ತು; ಕೇಳದಿದ್ದರೆ ಅದೂ ತಪ್ಪು. ಮಗುವಿನ ತೊಡೆಗೆ ಬಿಸಿನೀರು ಬಿದ್ದು ಬೊಬ್ಬೆ ಎದ್ದಿದೆ, ಅರಿಶಿನ ಹಚ್ಚಿ ಎರಡು ದಿನ ನೋಡೋಣ ಎಂದುಕೊಂಡಿರಿ. ಮೂರನೇ ದಿನ ಡಾಕ್ಟರು ಮೊದಲು ಕೇಳುವುದೇ ಯಾಕೆ ತಡವಾಯಿತೆಂದು. ಅವತ್ತೇ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿ, ಗಂಭೀರವಾದರೆ ತುರ್ತು ಸೇವೆಯ 999ಕ್ಕೆ.

ಮಗು ಸತ್ತರೆ ನರಹತ್ಯೆಯ ಆರೋಪವೂ ಬರಬಹುದು. 2004ರ ಇನ್ನೊಂದು ಕಾಯ್ದೆಯಂತೆ, ಮನೆಯಲ್ಲಿ ಒಬ್ಬರಿಂದ ಮಗುವಿಗೆ ಗಂಭೀರ ಅಪಾಯವಿದೆ ಎಂದು ತಿಳಿದೂ, ಅಥವಾ ತಿಳಿಯಬೇಕಾಗಿದ್ದೂ, ತಡೆಯದೆ ಸುಮ್ಮನಿದ್ದ ಮನೆಯವರೂ ಸಾವಿಗೆ ಹೊಣೆಯಾಗಬಹುದು. ಗರಿಷ್ಠ ಶಿಕ್ಷೆ ಜೀವಾವಧಿ. ಜೊತೆಗೆ ವಾಸಿಸುವ ಅಜ್ಜ ಅಜ್ಜಿಗೂ ಇದು ಅನ್ವಯಿಸುತ್ತದೆ.

ಮಕ್ಕಳ ಸುರಕ್ಷತೆ ವಿಚಾರಿಸುವ ಸ್ಥಳೀಯ ಆಡಳಿತದ ಸೋಷಿಯಲ್ ವರ್ಕರ್ ಬಾಗಿಲು ತಟ್ಟಿದ ಮಾತ್ರಕ್ಕೆ ಕೇಸಾಯಿತೆಂದಲ್ಲ. ಅವರ ವಿಚಾರಣೆ ಬೇರೆ, ಪೊಲೀಸ್ ತನಿಖೆ ಬೇರೆ. ಎರಡೂ ಒಟ್ಟಿಗೆ ನಡೆಯಲೂಬಹುದು. ತುರ್ತು ಅಪಾಯವಿದ್ದರೆ ಪೊಲೀಸರು ಮಗುವನ್ನು 72 ಗಂಟೆವರೆಗೆ ತಮ್ಮ ರಕ್ಷಣೆಯಲ್ಲಿಡಬಹುದು. ಠಾಣೆಯಲ್ಲಿ ಸಾಲಿಸಿಟರ್, ಅಂದರೆ ವಕೀಲರು, ಉಚಿತ; ಕನ್ನಡದ ದುಭಾಷಿ ಬೇಕೆಂದು ಕೇಳಿ, ನೆಂಟರಿಂದ ಮಾತು ಹೇಳಿಸಬೇಡಿ. ಗಾಬರಿಯಾಗಿ ಮಗುವನ್ನು ಮಡಿಕೇರಿಗೆ ಕಳಿಸಲು ಟಿಕೆಟ್ ಮಾಡಿಸುವ ಮೊದಲು ಆ ಸಾಲಿಸಿಟರ್ ಜೊತೆ ಮಾತಾಡಿ.