ಸೀಲ್ಡ್ ಬಾಕ್ಸ್‌ನಲ್ಲಿ ಬೇಸ್ ಬರಲ್ಲ ಅಂದವರಿಗೆ

ಹೋಮ್ ಥಿಯೇಟರ್‌ಗೆ ಪೋರ್ಟ್ (ಗಾಳಿ ಹೋಗಿಬರುವ ಪೈಪು) ಇಲ್ಲದ, ಪೂರ್ತಿ ಮುಚ್ಚಿದ ಸೀಲ್ಡ್ ಫ್ರಂಟ್ ಸ್ಪೀಕರ್ ಮಾಡ್ತೀನಿ ಅಂದಾಗ ಭಾವ ಜೋರಾಗಿ ನಕ್ಕರು. "ಆರೂವರೆ ಇಂಚಿನ ಡ್ರೈವರ್ ತಂದು ಎಂಟು ಲೀಟರ್ ಡಬ್ಬದಲ್ಲಿ ಕೂಡಿಹಾಕ್ತೀಯಲ್ಲೋ, ಪಾಪ ಅದು ಉಸಿರಾಡೋದು ಬೇಡ್ವಾ?" ಅಂದರು. ಡ್ರೈವರ್ ಅಂದರೆ ಕೋನ್ ಇರುವ, ಶಬ್ದ ಹೊರಡಿಸುವ ಭಾಗ. ಭಾವ ಹತ್ತಾರು ಜೋಡಿ ಮಾಡಿದವರು, ಎಲ್ಲವೂ ಪೋರ್ಟೆಡ್. ನನ್ನ ಇಬ್ಬರು ಸ್ನೇಹಿತರದ್ದೂ ಅದೇ ರಾಗ. ಈಗ ಒಂದೂವರೆ ವರ್ಷವಾಯಿತು. ಮೂರೂ ಡಬ್ಬ ಟಿವಿ ಸುತ್ತ ನಿಂತಿವೆ, ಬದಲಾಯಿಸಬೇಕು ಅಂತ ಒಂದು ದಿನವೂ ಅನಿಸಿಲ್ಲ.

ನನ್ನ ಲೆಕ್ಕ ಇಷ್ಟೇ. ರಿಸೀವರ್‌ನಲ್ಲಿ (ಎಲ್ಲ ಸ್ಪೀಕರ್ ನಡೆಸುವ ಆಂಪ್ಲಿಫೈಯರ್) ಸ್ಪೀಕರನ್ನು 'ಸ್ಮಾಲ್' ಮಾಡಿ ಕ್ರಾಸ್‌ಓವರ್, ಅಂದರೆ ಕೆಳಗಿನ ಸ್ವರ ಸಬ್‌ವೂಫರ್‌ಗೆ, ಮೇಲಿನದು ಸ್ಪೀಕರ್‌ಗೆ ಹಂಚುವ ಗಡಿ, 80 ಹರ್ಟ್ಜ್‌ಗೆ ಇಟ್ಟರೆ, ಸಾಮಾನ್ಯವಾಗಿ ಅದು ಸ್ಪೀಕರ್ ಕಡೆ ಆಕ್ಟೇವ್‌ಗೆ (ಫ್ರೀಕ್ವೆನ್ಸಿ ಅರ್ಧವೋ ದುಪ್ಪಟ್ಟೋ ಆದಾಗಲೆಲ್ಲ) 12 ಡಿಬಿ ಇಳಿಸುತ್ತದೆ, ಸಬ್ ಕಡೆ 24. ಉಳಿದ 12 ಸ್ಪೀಕರೇ ಇಳಿಸಿಕೊಳ್ಳಲಿ ಅಂತ ಬಿಟ್ಟಿರುತ್ತದೆ. ಸೀಲ್ಡ್ ಬಾಕ್ಸ್ ತಾನಾಗೇ 12 ಡಿಬಿಯಲ್ಲಿ ಇಳಿಯುತ್ತದೆ, ಅಲ್ವಾ? ಆ ಇಳಿತ 80ರ ಹತ್ತಿರ ಶುರುವಾಗುವಂತೆ ಡಬ್ಬ ಕಟ್ಟಿದರೆ ಎರಡೂ ಸೇರಿ 24. ಸಬ್ ಜೊತೆ ಹೊಲಿಗೆ ಕಾಣದ ಹಾಗೆ ಕೂಡಿಕೊಳ್ಳುತ್ತದೆ. ಇದು ನಾನು ಕಂಡುಹಿಡಿದದ್ದಲ್ಲ, ಸಿನಿಮಾ ಶಬ್ದಕ್ಕೆ ಮಟ್ಟ ನಿಗದಿ ಮಾಡುವ ಟಿಎಚ್‌ಎಕ್ಸ್‌ನವರದ್ದೂ ಇದೇ ಲೆಕ್ಕ. ನನ್ನ ಡ್ರೈವರ್‌ನ ಎಫ್‌ಎಸ್ (ಬಿಡಿ ಡ್ರೈವರ್‌ನ ರೆಸೊನೆನ್ಸ್) 42 ಹರ್ಟ್ಜ್, ಕ್ಯೂಟಿಎಸ್ (ಆ ರೆಸೊನೆನ್ಸ್ ಎಷ್ಟು ಚೂಪು) 0.38, ವಿಎಎಸ್ (ಅದರ ಸಸ್ಪೆನ್ಷನ್‌ನಷ್ಟೇ ಸ್ಪ್ರಿಂಗ್ ಕೊಡುವ ಗಾಳಿ) 20 ಲೀಟರ್ ಚಿಲ್ಲರೆ. 8 ಲೀಟರ್‌ಗೆ ಕ್ಯೂಟಿಸಿ (ಡಬ್ಬದೊಳಗೆ ಕೂತ ಮೇಲಿನ ಕ್ಯೂ) 0.7, ರೆಸೊನೆನ್ಸ್ 78ರ ಆಸುಪಾಸು. ಇದಕ್ಕಿಂತ ಇನ್ನೇನು ಬೇಕು?

ಕಾಗದದ ಮೇಲೆ ಬೇಕಿರಲಿಲ್ಲ. ಮೊದಲ ಡಬ್ಬ ಅಂಟಿಸಿ, ಡ್ರೈವರ್ ಕೂರಿಸಿ, ಕೋನನ್ನು ಬೆರಳಿನಿಂದ ಮೆಲ್ಲಗೆ ಒತ್ತಿದೆ. ಸೀಲ್ ಸರಿಯಿದ್ದರೆ ಅದು ಸೋಮಾರಿಯ ಹಾಗೆ ನಿಧಾನವಾಗಿ ವಾಪಸ್ ಬರಬೇಕು. ನನ್ನದು ಫಟ್ಟನೆ ಬಂತು. ಎಲ್ಲೋ ಗಾಳಿ ಸೋರುತ್ತಿದೆ. ಮೂಲೆಗಳಿಗೆಲ್ಲ ಇನ್ನೊಂದು ಸಲ ಅಂಟು ಎಳೆದೆ, ಪ್ರಯೋಜನವಾಗಲಿಲ್ಲ. ಕೊನೆಗೆ 30 ಹರ್ಟ್ಜ್ ಟೋನ್ ಹಾಕಿ, ಸಣ್ಣ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಇಟ್ಟುಕೊಂಡು ಇನ್ನೊಂದು ತುದಿಯನ್ನು ಡಬ್ಬದ ಸುತ್ತ ಓಡಿಸಿದೆ. ಹಿಂದಿನ ಟರ್ಮಿನಲ್ ಕಪ್ (ವೈರ್ ಸಿಗಿಸುವ ಬಟ್ಟಲು) ಹತ್ತಿರ 'ಸುಸ್, ಸುಸ್, ಸುಸ್'. ನಾಲ್ಕು ಮೂಲೆಗೆ ಸುರಿದ ಅಂಟೆಲ್ಲ ದಂಡ. ಈಗ ಆ ಕಪ್ ಹಾಕುವುದನ್ನೇ ಬಿಟ್ಟಿದ್ದೇನೆ. ಎರಡು ತೂತು ಕೊರೆದು, ಬೈಂಡಿಂಗ್ ಪೋಸ್ಟ್ ನೇರವಾಗಿ ಹಲಗೆಗೇ ಬಿಗಿಯುತ್ತೇನೆ.

ಖರ್ಚಿನ ವಿಷಯ. ಫ್ರಂಟ್ ಮೂರಕ್ಕೆ ಆದದ್ದರಲ್ಲಿ ಡ್ರೈವರ್‌ಗಳೇ ಹೆಚ್ಚುಕಡಿಮೆ ಅರ್ಧ. ಡಬ್ಬದೊಳಗಿನ ಕ್ರಾಸ್‌ಓವರ್‌ನ (ವೂಫರ್‌ಗೆ ಕೆಳಗಿನ, ಟ್ವೀಟರ್‌ಗೆ ಮೇಲಿನ ಸ್ವರ ಹಂಚುವ ಸರ್ಕ್ಯೂಟ್) ಕಾಯಿಲ್, ಕೆಪಾಸಿಟರ್ ಕಾಲು ಭಾಗ ನುಂಗಿದವು. ಉಳಿದದ್ದು ಎಂಡಿಎಫ್ ಹಲಗೆ ಮತ್ತು ಪೇಂಟ್. ಇದು ಮನೆಯವರಿಗೆ ತೋರಿಸುವ ಲೆಕ್ಕ. ಕೊಯ್ಯುವಾಗ ತಪ್ಪಿ ಹಾಳಾದ ಒಂದೂವರೆ ಶೀಟು ಇದರಲ್ಲಿಲ್ಲ. ಸುಟ್ಟ ಟ್ವೀಟರೂ ಇಲ್ಲ. ಅದು ನನ್ನದೇ ತಪ್ಪು. ಅಳತೆ ಮಾಡುವಾಗ ಕೆಳಗಿನ ಸ್ವರ ತಡೆಯುವ ಕೆಪಾಸಿಟರ್ ಹಾಕದೆ 20 ಹರ್ಟ್ಜ್‌ನಿಂದ ಸ್ವೀಪ್ (ಮೇಲಕ್ಕೆ ಏರುತ್ತಾ ಹೋಗುವ ಟೋನ್) ಬಿಟ್ಟೆ, ವಾಲ್ಯೂಮ್ ಹಿಂದಿನ ರಾತ್ರಿ ಇಟ್ಟಲ್ಲೇ ಇತ್ತು. 'ಟಿಕ್' ಅಂತ ಒಂದು ಸದ್ದು, ಆಮೇಲೆ ಮೌನ.

ದನಿ ಮೊದಲು ತೆಳ್ಳಗಿತ್ತು, ಮಾತಾಡುವವರಿಗೆ ಎದೆಯೇ ಇಲ್ಲದ ಹಾಗೆ. "ನಾನು ಹೇಳಿರಲಿಲ್ವಾ" ಎಂದು ಭಾವ ಶುರು ಮಾಡಿದರು. ಆದರೆ ತಪ್ಪು ಸೀಲ್ಡ್ ಬಾಕ್ಸ್‌ನದ್ದಾಗಿರಲಿಲ್ಲ, ಬ್ಯಾಫಲ್ ಸ್ಟೆಪ್‌ನದ್ದು. ಮುಂದಿನ ಹಲಗೆ 22 ಸೆಂಟಿಮೀಟರ್ ಅಗಲ. ಅಂದರೆ ಹತ್ತತ್ತಿರ 500 ಹರ್ಟ್ಜ್‌ನಿಂದ ಕೆಳಗೆ ಶಬ್ದ ಹಿಂದಕ್ಕೂ ಸುತ್ತಿಕೊಂಡು ಹೋಗುತ್ತದೆ, ಎದುರಿಗೆ ಕಡಿಮೆಯಾಗುತ್ತದೆ. ಕ್ರಾಸ್‌ಓವರ್‌ನಲ್ಲಿ ವೂಫರ್ ಕಾಯಿಲ್ ದೊಡ್ಡದು ಮಾಡಿ 4 ಡಿಬಿಯಷ್ಟು ಸರಿದೂಗಿಸಿದೆ. ಪೂರ್ತಿ 6 ಮಾಡಿದರೆ ಗೋಡೆ ಹತ್ತಿರ ಇಡುವ ನಮ್ಮಂಥವರಿಗೆ ಗುಮ್ ಅನ್ನುತ್ತದೆ. ಒಳಗೆ ತುಂಬಿದ್ದು ದಿಂಬಿನ ಪಾಲಿಯೆಸ್ಟರ್. ಎಲ್ಲಿ ಎಷ್ಟು ತುಂಬಿದೆ ಅನ್ನೋದು ಮಾತ್ರ ಭಾವನವರಿಗೂ ಹೇಳಿಲ್ಲ.

ಸೆಂಟರ್ ಮೊದಲು ಎಲ್ಲರ ಹಾಗೆ ಮಲಗಿಸಿದ್ದೆ, ಮಧ್ಯೆ ಟ್ವೀಟರ್, ಆಚೀಚೆ ಎರಡು ವೂಫರ್. ನೋಡಲು ಲಕ್ಷಣವಾಗಿತ್ತು. ಸೋಫಾದ ತುದಿಯಲ್ಲಿ ಕೂತವರಿಗೆ ಮಾತು ಅರ್ಧ ಕೇಳುತ್ತಿರಲಿಲ್ಲ. ವೂಫರ್‌ಗಳ ನಡುವೆ 30 ಸೆಂಟಿಮೀಟರ್ ಇತ್ತು. 30 ಡಿಗ್ರಿ ಪಕ್ಕಕ್ಕೆ ಕೂತರೆ ಒಂದರ ಶಬ್ದ ಇನ್ನೊಂದಕ್ಕಿಂತ 15 ಸೆಂಟಿಮೀಟರ್ ತಡವಾಗಿ ಬರುತ್ತದೆ, 1,100 ಹರ್ಟ್ಜ್ ಹತ್ತಿರ ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಮಾತು ಇರುವುದೇ ಅಲ್ಲಿ! ಅದನ್ನು ಬಿಚ್ಚಿ, ಎಡಬಲದಲ್ಲಿರುವಂಥದ್ದೇ ಡಬ್ಬವನ್ನು ಟಿವಿ ಕೆಳಗೆ ನಿಲ್ಲಿಸಿ ಸ್ವಲ್ಪ ಮೇಲಕ್ಕೆ ವಾಲಿಸಿದೆ. ಟಿವಿಯನ್ನು ಒಂದು ಗೇಣು ಎತ್ತಬೇಕಾಯಿತು, ಮನೆಯಲ್ಲಿ ಎರಡು ದಿನ ಮಾತಿಲ್ಲ.

ನಡುವೆ ಒಂದು ಹುಚ್ಚೂ ಹಿಡಿದಿತ್ತು. ಡಬ್ಬಕ್ಕೆ ಎರಡು ಗೋಡೆ ಮಾಡಿ ಮಧ್ಯೆ ಒಣ ಮರಳು ತುಂಬಿದೆ. ಇಬ್ಬರು ಹಿಡಿದರೂ ಎತ್ತಲಾಗದಷ್ಟು ಭಾರ. ಕಣ್ಣು ಮುಚ್ಚಿ ಕೇಳಿದರೆ ನನಗಂತೂ ವ್ಯತ್ಯಾಸ ಗೊತ್ತಾಗಲಿಲ್ಲ. ಅದಕ್ಕಿಂತ ಒಳಗೆ ಅಡ್ಡಲಾಗಿ ಒಂದು ಪಟ್ಟಿ ಕೊಟ್ಟರೆ ಸಾಕು. ಆ ಡಬ್ಬ ಈಗ ಗಿಡದ ಕುಂಡ ಇಡುವ ಸ್ಟೂಲ್.

ಸಬ್ ಮಾತ್ರ ಪೋರ್ಟೆಡ್. ಹತ್ತು ಇಂಚು, 60 ಲೀಟರ್, ಟ್ಯೂನಿಂಗ್ (ಪೋರ್ಟ್ ಅನುರಣಿಸುವ ಫ್ರೀಕ್ವೆನ್ಸಿ) 25 ಹರ್ಟ್ಜ್. ಮೊದಲು ಮೂರು ಇಂಚಿನ ಪಿವಿಸಿ ಪೈಪ್, 30 ಸೆಂಟಿಮೀಟರ್ ಉದ್ದ. ಸ್ಫೋಟದ ದೃಶ್ಯ ಬಂದರೆ ಸ್ಫೋಟಕ್ಕಿಂತ ಪೈಪಿನ 'ಫುಸ್' ಜೋರು. ನಾಲ್ಕು ಇಂಚಿಗೆ ಹೋದರೆ ಗಾಳಿಯ ವೇಗ ಹತ್ತತ್ತಿರ ಅರ್ಧಕ್ಕಿಳಿಯುತ್ತದೆ, ಆದರೆ ಅದೇ ಟ್ಯೂನಿಂಗ್‌ಗೆ ಉದ್ದ 55 ಸೆಂಟಿಮೀಟರ್ ಬೇಕು. ಡಬ್ಬದ ಒಳಗೆ ಜಾಗವಿಲ್ಲ, ಎಲ್ಬೋ ಹಾಕಿ ಬಗ್ಗಿಸಿದೆ. ಸಾಲದ್ದಕ್ಕೆ ಡ್ರೈವರ್, ಪೈಪು, ಪಟ್ಟಿ ತಿನ್ನುವ ಜಾಗ ಲೆಕ್ಕಕ್ಕೇ ತಗೊಂಡಿರಲಿಲ್ಲ. ಅವೇ ಹತ್ತು ಹನ್ನೊಂದು ಲೀಟರ್! ಎರಡನೇ ಡಬ್ಬ ಹೊರಗಿಂದ 60 ಅಲ್ಲ, ಒಳಗೆ ಎಲ್ಲ ಕಳೆದು 60.

ಈ ಸಲ ಸಾಫ್ಟ್‌ವೇರ್ ಕೊಟ್ಟ ಲೆಕ್ಕ ನಂಬಲಿಲ್ಲ, ಅಳೆದೇ ನೋಡಿದೆ. ಒಂದು ರೆಸಿಸ್ಟರ್ ಸರಣಿಯಲ್ಲಿ ಹಾಕಿ ಆರ್‌ಇಡಬ್ಲ್ಯೂ ಅನ್ನುವ ಅಳತೆ ಪ್ರೋಗ್ರಾಂನಲ್ಲಿ ಇಂಪಿಡೆನ್ಸ್ (ಪ್ರತಿ ಫ್ರೀಕ್ವೆನ್ಸಿಗೂ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ) ಗ್ರಾಫ್ ಎಳೆದೆ. ಎರಡು ಗುಡ್ಡ, ನಡುವೆ ಒಂದು ಕಣಿವೆ. ಕಣಿವೆಯ ತಳ ಎಲ್ಲಿದೆಯೋ ಅದೇ ನಿಜವಾದ ಟ್ಯೂನಿಂಗ್. ಪೈಪನ್ನು ಬೇಕೆಂದೇ ಉದ್ದ ಇಟ್ಟಿದ್ದೆ, 23ರಲ್ಲಿತ್ತು. ಒಂದೊಂದು ಸೆಂಟಿಮೀಟರ್ ಕೊಯ್ದು, ಮತ್ತೆ ಅಳೆದು, ಮತ್ತೆ ಕೊಯ್ದು, ಸಂಜೆಯಾಗುವಷ್ಟರಲ್ಲಿ 25ಕ್ಕೆ ತಂದೆ. ಆಮೇಲೆ 80ರಲ್ಲಿ ಫ್ರಂಟ್ ಜೊತೆ ಸೇರಿಸಿ ಮೈಕ್ ಇಟ್ಟರೆ, ಜೋಡಣೆಯ ಜಾಗದಲ್ಲಿ ಗುಂಡಿಯೂ ಇಲ್ಲ, ದಿಬ್ಬವೂ ಇಲ್ಲ. ಆ ಗ್ರಾಫನ್ನು ಪ್ರಿಂಟ್ ಹಾಕಿಸಿ ಸುಮ್ನೆ ಭಾವನವರಿಗೆ ಕಳಿಸಿದೆ.

ಹೋದ ವಾರ ಅವರು ತಮ್ಮ ಸಬ್ ಹೊತ್ತುಕೊಂಡು ಬಂದರು. ಹಿಂದುಗಡೆ ಮಾರ್ಕರ್‌ನಲ್ಲಿ '28 ಹರ್ಟ್ಜ್' ಎಂದು ದೊಡ್ಡದಾಗಿ ಬರೆದಿದ್ದರು. ಅಳೆದೆ, 33 ಬಂತು. ಇನ್ನೊಂದು ಸಲ ಅಳೆದೆ, ಅಷ್ಟೇ. ಅವರು ಪರದೆಯನ್ನೇ ಸ್ವಲ್ಪ ಹೊತ್ತು ನೋಡಿ, "ನಿನ್ನ ರೆಸಿಸ್ಟರ್ ಸರಿಯಿಲ್ಲ" ಅಂದರು.