ಚುಕ್ಕಿಯ ಕಂಕುಳಲ್ಲಿ ಸಿಕ್ಕ ಗಂಟು: ನನ್ನ ಅನುಭವ

ನನ್ನ ಹ್ಯಾಮ್‌ಸ್ಟರ್ (ಇಲಿಯಂಥ ಪುಟ್ಟ ಸಾಕುಪ್ರಾಣಿ) ಚುಕ್ಕಿಗೆ ಆಪರೇಷನ್ ಆಗಿ ಆರು ತಿಂಗಳು ಕಳೆಯಿತು. ಈಗ ಧೈರ್ಯವಾಗಿ ಬರೆಯಬಹುದು ಅನ್ನಿಸಿತು. ಆಗ "ಹ್ಯಾಮ್‌ಸ್ಟರ್‌ಗೆಲ್ಲಾ ಯಾರಾದರೂ ಆಪರೇಷನ್ ಮಾಡಿಸ್ತಾರಾ, ಇದ್ದಷ್ಟು ದಿನ ಇರಲಿ ಬಿಡು" ಅಂದವರೇ ಜಾಸ್ತಿ. ಅದರಲ್ಲಿ ನನಗಿಂತ ಹೆಚ್ಚು ವರ್ಷ ಹ್ಯಾಮ್‌ಸ್ಟರ್ ಸಾಕಿದ ಗೆಳೆಯನೂ ಇದ್ದ.

ಚುಕ್ಕಿ ಸಿರಿಯನ್ ಜಾತಿಯ ಹೆಣ್ಣು. ಆಗ ಸುಮಾರು 14 ತಿಂಗಳು. ಒಂದು ರಾತ್ರಿ ಕೈಯಿಂದ ಕೈಗೆ ಹತ್ತಿಸಿಕೊಳ್ಳುವಾಗ ಎಡ ಮುಂಗಾಲಿನ ಕಂಕುಳಲ್ಲಿ ಬಟಾಣಿ ಕಾಳಿನಂಥದ್ದು ಹೆಬ್ಬೆರಳಿಗೆ ತಗುಲಿತು. ಕೂದಲು ಉದುರಿರಲಿಲ್ಲ, ಗಾಯ ಇರಲಿಲ್ಲ, ಮುಟ್ಟಿದರೆ ಕಚ್ಚಲೂ ಇಲ್ಲ. ಎಂದಿನಂತೆ ತಿಂದು ಚಕ್ರದಲ್ಲಿ ಓಡುತ್ತಿದ್ದಳು. ಹ್ಯಾಮ್‌ಸ್ಟರ್ ಸೊಂಟದ ಎರಡೂ ಬದಿ ಇರುವ ಕಪ್ಪು ವಾಸನೆ ಗ್ರಂಥಿ, ಕಾಳು ತುಂಬಿಕೊಂಡ ಕೆನ್ನೆ ಚೀಲ, ಇವೂ ನೋಡೋಕೆ ಗಂಟಿನ ಹಾಗೇ ಅನ್ನಿಸುತ್ತವೆ. ಮೊದಲ ವರ್ಷ ಆ ಗ್ರಂಥಿಯನ್ನೇ ಗಂಟು ಅಂದುಕೊಂಡು ಡಾಕ್ಟರ್ ಹತ್ತಿರ ಓಡಿ ಫೀಸು ಕೊಟ್ಟು ಬಂದಿದ್ದೆ. ಇದು ಅದಲ್ಲ. ಒಂದೇ ಕಡೆ ಇತ್ತು, ಚರ್ಮದ ಕೆಳಗಿತ್ತು, ಬೆಳಗ್ಗೆ ನೋಡಿದರೂ ಅಲ್ಲೇ ಇತ್ತು.

ನಾನು ಸುಮ್ನೆ ಕೂರದಿರಲು ಕಾರಣ ಗುಂಡ. ಚುಕ್ಕಿಗಿಂತ ಮೊದಲು ನನ್ನ ಹತ್ತಿರ ಇದ್ದ ಹ್ಯಾಮ್‌ಸ್ಟರ್. ಅವನ ಕುತ್ತಿಗೆ ಪಕ್ಕ ಗಂಟು ಬಂದಾಗ "ನೋಡೋಣ, ನೋಡೋಣ" ಅಂತ ಐದು ವಾರ ಕಳೆದೆ. ವಾರಕ್ಕೊಮ್ಮೆ ತೂಗುತ್ತಿದ್ದೆ, 140 ಗ್ರಾಂ ಆಸುಪಾಸಿನಲ್ಲೇ ಇದ್ದ, ಹಾಗಾಗಿ ಆರೋಗ್ಯವಾಗಿದ್ದಾನೆ ಅಂತ ನಂಬಿದೆ. ಗಂಟು ಬೆಳೆಯುತ್ತಿತ್ತು, ಮೈ ಇಳಿಯುತ್ತಿತ್ತು, ಎರಡೂ ಸೇರಿ ತಕ್ಕಡಿ ಒಂದೇ ಅಂಕಿ ತೋರಿಸುತ್ತಿತ್ತು. ಬೆನ್ನುಮೂಳೆ ಕೈಗೆ ಸಿಕ್ಕಾಗ ತಡವಾಗಿತ್ತು. ಈ ಸ್ಥಿತಿಯಲ್ಲಿ ಅರಿವಳಿಕೆ ತಡೆಯಲ್ಲ ಅಂದರು ಡಾಕ್ಟರ್.

ಅದಕ್ಕೂ ಹಿಂದೆ ನನ್ನ ಇನ್ನೊಂದು ಹ್ಯಾಮ್‌ಸ್ಟರ್‌ಗೆ ಹೀಗೇ ಆಗಿತ್ತು. ಕೆನ್ನೆಯಲ್ಲಿ ಕೀವು ತುಂಬಿದ ಗಂಟು. ನಾಯಿ ಬೆಕ್ಕು ಮಾತ್ರ ನೋಡುವ ಒಂದು ಕ್ಲಿನಿಕ್‌ನಲ್ಲಿ ಅಮಾಕ್ಸಿಸಿಲಿನ್ ಸಿರಪ್ ಕೊಟ್ಟರು, ನಾನೂ ಕುಡಿಸಿದೆ. ಮೂರನೇ ದಿನ ಭೇದಿ, ಐದನೇ ದಿನ ಸತ್ತುಹೋಯಿತು. ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧಿ ಹ್ಯಾಮ್‌ಸ್ಟರ್ ಬಾಯಿಗೆ ಹಾಕಿದರೆ ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾ ಸತ್ತು, ಕ್ಲಾಸ್ಟ್ರಿಡಿಯಂ ಅನ್ನೋ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಇವತ್ತಿಗೂ ಆ ಸಂಕಟ ಹೋಗಿಲ್ಲ. ಆಮೇಲಿಂದ ಯಾರೇ ಔಷಧಿ ಬರೆದರೂ ಮೊದಲು ಹೆಸರು ಕೇಳುತ್ತೇನೆ.

ಹಾಗಾಗಿ ಚುಕ್ಕಿಯ ಗಂಟನ್ನು ಮೊದಲ ದಿನದಿಂದಲೇ ಅಳೆಯಲು ಶುರು ಮಾಡಿದೆ. ದಾರ ಸುತ್ತಿ ನೋಡಿದೆ, ಆಗಲಿಲ್ಲ. ವರ್ನಿಯರ್ ಕ್ಯಾಲಿಪರ್ ಹಿಡಿದೆ, ಅವಳು ಮೈ ತಿರುಚಿದಂತೆಲ್ಲ 2 ಮಿಲಿಮೀಟರ್ ಹೆಚ್ಚು ಕಡಿಮೆ ಬರುತ್ತಿತ್ತು. ಕೊನೆಗೆ ಗಾಜಿನ ಚಿಕ್ಕ ತೊಟ್ಟಿಯನ್ನು ಎರಡು ಕಡೆ ಪುಸ್ತಕ ಇಟ್ಟು ಎತ್ತರಿಸಿದೆ, ತಳದ ಗಾಜಿಗೆ ಗ್ರಾಫ್ ಹಾಳೆಯ ಪಟ್ಟಿ ಅಂಟಿಸಿದೆ, ಕೆಳಗಿಂದ ಫೋನಲ್ಲಿ ಫೋಟೋ ತೆಗೆದೆ. ಗಾಜಿನ ಮೇಲೆ ಮೈ ಚಾಚಿ ನಿಂತಾಗ ಕಂಕುಳು ಹೊಟ್ಟೆ ಎಲ್ಲ ಚೆನ್ನಾಗಿ ಕಾಣುತ್ತದೆ, ಪಕ್ಕದಲ್ಲೇ ಚೌಕಗಳಿರುವುದರಿಂದ ಎಣಿಸಿದರೆ ಸಾಕು, ಹಿಡಿಯುವ ಹಿಂಸೆಯೇ ಇಲ್ಲ. ಇದನ್ನು ನಾನೇ ಯೋಚಿಸಿ ಮಾಡಿದ್ದು, ಆ ಖುಷಿ ಇದೆ. ಅವಳು ಎರಡು ಸೆಕೆಂಡ್ ಅಲ್ಲಾಡದೆ ನಿಲ್ಲುವಂತೆ ಸೂರ್ಯಕಾಂತಿ ಬೀಜವನ್ನು ಎಲ್ಲಿ, ಹೇಗೆ ಹಿಡಿಯುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನೆನಪಿರುವಷ್ಟು ಹೇಳುತ್ತೇನೆ. ಮೊದಲ ದಿನ 6 ಮಿಲಿಮೀಟರ್. ಒಂಬತ್ತನೇ ದಿನ 8. ಹದಿನಾರನೇ ದಿನಕ್ಕೆ 11 ಹತ್ತಿರ. ತೂಕ 146ರಿಂದ 143 ಗ್ರಾಂ.

ಮೊದಲು ತೋರಿಸಿದ ಡಾಕ್ಟರ್ ಎರಡು ನಿಮಿಷ ಮುಟ್ಟಿ ನೋಡಿ "ಕೊಬ್ಬಿನ ಗಂಟು, ವಯಸ್ಸಾಯ್ತಲ್ವಾ, ಬಿಡಿ" ಅಂದರು. ಫೋಟೋ ತೆಗೆದು ತೋರಿಸುವ ಮೊದಲೇ ಮುಂದಿನವರನ್ನು ಕರೆದರು. ಎರಡನೆಯವರು ಮೊಲ, ಗಿನಿಪಿಗ್ ಎಲ್ಲ ನೋಡುವವರು. ಅವರು ಫೋಟೋಗಳನ್ನು ಸಾಲಾಗಿ ನೋಡಿದರು, ಏನೂ ಮಾತಾಡದೆ ಸೂಜಿ ತಗೊಂಡು ಗಂಟಿಗೆ ಚುಚ್ಚಿದರು. ಕೀವು ಬರಲಿಲ್ಲ, ನೀರೂ ಬರಲಿಲ್ಲ. ಸೂಜಿಗೆ ಸಿಕ್ಕಿದ್ದನ್ನು ಗಾಜಿನ ಸ್ಲೈಡ್ ಮೇಲೆ ನೋಡಿ "ಗಡ್ಡೆ ಇರಬೇಕು, ಚಿಕ್ಕದಿರುವಾಗಲೇ ತೆಗೆಯೋಣ" ಅಂದರು. ಇಷ್ಟು ಚಿಕ್ಕ ಪ್ರಾಣಿಯಲ್ಲಿ 11 ಮಿಲಿಮೀಟರ್ ತೆಗೆಯೋದಕ್ಕೂ 25 ತೆಗೆಯೋದಕ್ಕೂ ಭಾರಿ ವ್ಯತ್ಯಾಸ ಇದೆ, ರಕ್ತ ಸ್ವಲ್ಪ ಹೋದರೂ ಅವಕ್ಕೆ ಜಾಸ್ತಿಯೇ.

ದುಡ್ಡಿನ ವಿಷಯ. ಚುಕ್ಕಿಯನ್ನು ತಂದಾಗ ಕೊಟ್ಟದ್ದನ್ನು ಒಂದು ಪಾಲು ಅಂತ ಇಟ್ಟುಕೊಳ್ಳಿ. ಎರಡು ಭೇಟಿ ಮತ್ತು ಸೂಜಿ ಪರೀಕ್ಷೆಗೆ ಮೂರು ಪಾಲು ಹೋಯಿತು. ಆಪರೇಷನ್, ಔಷಧಿ, ಲ್ಯಾಬ್ ಎಲ್ಲ ಸೇರಿ ಇಪ್ಪತ್ತರ ಹತ್ತಿರ. ಮನೆಯಲ್ಲಿ ಜಗಳವೇ ಆಯಿತು. ಲ್ಯಾಬ್ ಬಿಟ್ಟರೆ ಸ್ವಲ್ಪ ಉಳಿಯುತ್ತಿತ್ತು, ಆದರೆ ತೆಗೆದ ಗಡ್ಡೆ ಯಾವ ಜಾತಿ ಅಂತ ಗೊತ್ತಿಲ್ಲದಿದ್ದರೆ ಇನ್ನೊಂದು ಬಂದಾಗ ಏನು ಮಾಡೋದು? ಕೊಟ್ಟೆ. ದಂಡ ಆಯಿತು ಅನ್ನಿಸಿದ್ದು ಮೊದಲ ಭೇಟಿ ಮಾತ್ರ. ಈಗ ಹೋಗುವ ಮೊದಲು ಫೋನಲ್ಲೇ "ಹ್ಯಾಮ್‌ಸ್ಟರ್‌ಗೆ ಗ್ಯಾಸ್ ಅರಿವಳಿಕೆ ಕೊಟ್ಟು ಅಭ್ಯಾಸ ಇದೆಯಾ" ಅಂತ ಕೇಳುತ್ತೇನೆ.

ಆಪರೇಷನ್ ಹಿಂದಿನ ದಿನ ಕೌಂಟರ್‌ನಿಂದ ಫೋನ್ ಬಂತು, ರಾತ್ರಿ ಊಟ ಕೊಡಬೇಡಿ ಅಂತ. ಅದು ನಾಯಿ ಬೆಕ್ಕಿನ ಲೆಕ್ಕ. ಹ್ಯಾಮ್‌ಸ್ಟರ್ ವಾಂತಿ ಮಾಡುವುದಿಲ್ಲ, ಉಪವಾಸ ಇಟ್ಟರೆ ಸಕ್ಕರೆ ಇಳಿದುಬಿಡುತ್ತದೆ. ನಾನು ಡಾಕ್ಟರನ್ನೇ ಕೇಳಿದೆ, ಊಟ ಕೊಡಿ ಅಂದರು. ಆದರೆ ಕೆನ್ನೆ ಚೀಲ ಖಾಲಿ ಇರಬೇಕು, ಅದರೊಳಗಿನ ಕಾಳು ಉಸಿರಿನ ದಾರಿಗೆ ಜಾರಬಹುದು. ಅರಿವಳಿಕೆಗೆ ಐಸೊಫ್ಲೂರೇನ್ ಗ್ಯಾಸ್, ಕೆಳಗೆ ಬಿಸಿ ಪ್ಯಾಡ್, ಅರ್ಧ ಗಂಟೆಯ ಒಳಗೆ ಮುಗಿಯಿತು.

ಅವಳು ಹೊಲಿಗೆ ಕಡಿಯದಂತೆ ಕಾಯುವುದೇ ನನಗೆ ಕಷ್ಟವಾದದ್ದು. ಎಕ್ಸ್‌ರೇ ಫಿಲ್ಮ್ ಕತ್ತರಿಸಿ ಕುತ್ತಿಗೆಗೆ ಕಾಲರ್ ಮಾಡಿದೆ, ಹತ್ತು ನಿಮಿಷದಲ್ಲಿ ಕಿತ್ತು ಹಾಕಿ ಅದನ್ನೇ ಗೂಡಿಗೆ ಒಯ್ದಳು. ಕಹಿ ದ್ರವ ಹಚ್ಚೋಣ ಅಂತ ಮೊದಲು ಒಂದು ಕಡ್ಡಿಗೆ ಹಚ್ಚಿ ಕೊಟ್ಟೆ, ಕಡ್ಡಿಯನ್ನೇ ಕಡಿದಳು, ಅಲ್ಲಿಗೆ ಆ ಯೋಚನೆ ಬಿಟ್ಟೆ. ಎರಡನೇ ರಾತ್ರಿ ಹೊರಗಿನ ಒಂದು ಹೊಲಿಗೆ ಹೋಯಿತು. ಡಾಕ್ಟರ್ ಚರ್ಮದ ಒಳಗೂ ಹೊಲಿದಿದ್ದರಿಂದ ಗಾಯ ಬಾಯಿ ಬಿಡಲಿಲ್ಲ. ನೋವಿನ ಔಷಧಿಯನ್ನು ಹೇಳಿದ ಸಮಯಕ್ಕೆ ತಪ್ಪದೆ ಕೊಟ್ಟ ದಿನ ಗಾಯದ ಹತ್ತಿರ ಬಾಯಿ ಹಾಕುವುದು ಕಡಿಮೆ ಇತ್ತು. ಇದು ನಾನು ಕಣ್ಣಾರೆ ನೋಡಿದ್ದು. ಮರದ ಹೊಟ್ಟು ತೆಗೆದು ಬಿಳಿ ಟಿಶ್ಯೂ ಹರಿದು ಹಾಸಿದೆ, ರಕ್ತದ ಚುಕ್ಕೆ ಬಿದ್ದರೂ ಕಾಣಲಿ ಅಂತ. ಕಂಬಿ ಪಂಜರ ಬೇಡ, ಹತ್ತಿ ಜೋತಾಡುತ್ತಾಳೆ. ಚಕ್ರ ಹತ್ತು ದಿನ ತೆಗೆದಿಟ್ಟೆ. ಆ ಹತ್ತು ರಾತ್ರಿ ಅವಳು ಚಕ್ರ ಇದ್ದ ಮೂಲೆಗೆ ಹೋಗಿ ನಿಲ್ಲುತ್ತಿದ್ದಳು, ನೋಡೋಕೆ ಆಗುತ್ತಿರಲಿಲ್ಲ.

ಲ್ಯಾಬ್ ವರದಿಯಲ್ಲಿ ಹರಡುವ ಜಾತಿಯದಲ್ಲ, ಅಂಚು ಸ್ವಚ್ಛವಾಗಿದೆ, ಅಂದರೆ ಗಡ್ಡೆ ಪೂರ್ತಿ ಹೊರಬಂದಿದೆ ಅಂತ ಬಂತು. ಮೂರು ವಾರಕ್ಕೆ ಕೂದಲು ಮುಚ್ಚಿಕೊಂಡಿತು. ಕಳೆದ ವಾರ 149 ಗ್ರಾಂ, ಬೆನ್ನುಮೂಳೆ ಕೈಗೆ ಸಿಗುವುದಿಲ್ಲ. ವಾರಕ್ಕೊಮ್ಮೆ ಗಾಜಿನ ಮೇಲೆ ಈಗಲೂ ನಿಲ್ಲಿಸುತ್ತೇನೆ.

"ಇರಲಿ ಬಿಡು" ಅಂದಿದ್ದ ಗೆಳೆಯ ಮೊನ್ನೆ ಫೋನ್ ಮಾಡಿದ್ದ. ಅವನ ಹ್ಯಾಮ್‌ಸ್ಟರ್‌ನ ಹೊಟ್ಟೆ ಪಕ್ಕ ಏನೋ ಕೈಗೆ ಸಿಕ್ಕಿದೆಯಂತೆ. ತಳದ ಗಾಜು ಎಷ್ಟು ದಪ್ಪ ಇರಬೇಕು ಅಂತ ಕೇಳಿದ. ನಾಳೆ ನನ್ನ ತೊಟ್ಟಿಯನ್ನೇ ಕೊಟ್ಟು ಬರುತ್ತೇನೆ.